ಹಿಂದಿನ ಸೀಟಿನ ಶಿಸ್ತು

ಆರುನೂರು ಮಕ್ಕಳನ್ನು ಒಂದೇ ಸೀಟಿಯಲ್ಲಿ ಸಾಲಾಗಿ ನಿಲ್ಲಿಸುವ ಡ್ರಿಲ್ ಮೇಷ್ಟ್ರು ನಾನು. ಅಂಥ ನನಗೆ ಹದಿನಾಲ್ಕು ಕಿಲೋ ತೂಕದ ನಾಯಿಯೊಂದನ್ನು ಕಾರಿನಲ್ಲಿ ಸುಮ್ಮನೆ ಕೂರಿಸಲು ಬರುವುದಿಲ್ಲ ಎಂದು ನನ್ನ ಹೆಂಡತಿ ಊರೆಲ್ಲ ಹೇಳಿಕೊಂಡು ಬಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? (ಊರೆಲ್ಲ ಎಂದರೆ ಅವಳ ಅಕ್ಕ. ಆಕೆಗೆ ಹೇಳಿದ ಮೇಲೆ ಊರಿಗೆ ಬೇರೆ ಹೇಳಬೇಕಾಗಿಲ್ಲ.)

ನಮ್ಮ ಗುಂಡ ಮನೆಯಲ್ಲಿ ಸಾಧು ಪ್ರಾಣಿ. ಕಾರು ಹೊರಟಿತೋ, ಲಾರಿ ಕಂಡರೂ ಬೊಗಳುತ್ತಾನೆ, ಬೈಕು ಕಂಡರೂ ಬೊಗಳುತ್ತಾನೆ. ಹೋದ ಸಲ ಹಿಂದಿನ ಸೀಟಿನಿಂದ ನನ್ನ ತೊಡೆಗೇ ಹಾರಿದ್ದರಿಂದ ಕಾರು ಮೈಲಿಗಲ್ಲಿಗೆ ಮುತ್ತಿಟ್ಟಿತ್ತು.

"ಅಕ್ಕನ ಮನೆ ಆರು ಗಂಟೆ ದಾರಿ. ಈ ಸಲ ಗುಂಡ ಗಲಾಟೆ ಮಾಡಿದ್ರೆ ಅಲ್ಲಿಂದ ನಾನೇ ಗಾಡಿ ಓಡಿಸೋದು. ಆಮೇಲೂ ನಾನೇ," ಎಂದಳು ಹೆಂಡತಿ.

ಅವಳಿಗೆ ಲೈಸೆನ್ಸ್ ಬಂದು ವರ್ಷವಾಗಿದೆ. ಆದರೆ ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ತಿರುಗಿಸಿದ ಕಡೆ ತಿರುಗಿದ್ದು ಆ ಸ್ಟೀರಿಂಗ್ ಒಂದೇ. ಅದೂ ಕೈಬಿಟ್ಟರೆ ನನ್ನ ಸಾಮ್ರಾಜ್ಯದಲ್ಲಿ ಉಳಿಯುವುದು ರಿಮೋಟಿಗೆ ಸೆಲ್ ಹಾಕುವ ಖಾತೆ ಮಾತ್ರ.

"ಆಯ್ತು, ನೋಡೇಬಿಡೋಣ," ಎಂದೆ.

ಪಶುವೈದ್ಯರ ಬಳಿಗೆ ಹೋದೆ. ಎದೆಪಟ್ಟಿ ಹಾಕಿ ಸೀಟ್ ಬೆಲ್ಟಿಗೆ ಸಿಕ್ಕಿಸಿ, ಹೊರಡುವ ಮುಂಚೆ ಹೊಟ್ಟೆತುಂಬ ತಿನ್ನಿಸಬೇಡಿ, ಎರಡು ಗಂಟೆಗೊಮ್ಮೆ ಇಳಿಸಿ ನೀರು ಕುಡಿಸಿ ಎಂದರು. ಮೊದಲು ನಿಂತ ಕಾರಿನಲ್ಲಿ ಕೂರಿಸಿ ಅಭ್ಯಾಸ, ಆಮೇಲೆ ರಸ್ತೆಯಲ್ಲಿ ಸಣ್ಣ ಸಣ್ಣ ಸುತ್ತು, ಸುಮ್ಮನಿದ್ದಾಗಲೆಲ್ಲ ಒಂದು ಬಿಸ್ಕತ್ತು ಎಂದೂ ಹೇಳಿದರು.

ಎರಡು ವಾರ ದಿನಾ ಸಂಜೆ ಮನೆ ಮುಂದೆ ನಿಂತ ಕಾರಿನಲ್ಲಿ ಗುಂಡನೊಂದಿಗೆ ತಪಸ್ಸು ಮಾಡಿದೆ. (ಪಕ್ಕದ ಮನೆಯವರು ಹೆಂಡತಿ ನನ್ನನ್ನು ಹೊರಗೆ ಹಾಕಿದ್ದಾಳೆಂದು ತಿಳಿದು ಕಾಫಿ ಕಳಿಸಿದರು.) ಗುಂಡ ಬೆಲ್ಟು ಕಟ್ಟಿಸಿಕೊಂಡು ಗೊರಕೆ ಹೊಡೆದ. ಇಷ್ಟು ಶಿಸ್ತು ಬಂದ ಮೇಲೆ ಸಣ್ಣ ಸುತ್ತು ಯಾಕೆ ಎಂದು ಅದನ್ನು ಕೈಬಿಟ್ಟೆ.

ಹೊರಟ ದಿನ ಹತ್ತು ನಿಮಿಷ ಗುಂಡ ತುಟಿಪಿಟಕ್ ಎನ್ನಲಿಲ್ಲ. ನಾನು ಮೀಸೆಯಡಿಯಲ್ಲಿ ನಗುತ್ತಿದ್ದೆ. ಅಷ್ಟರಲ್ಲಿ ಬೈಕಿನವನೊಬ್ಬ ಅಡ್ಡ ಬಂದ.

"ಏಯ್, ಕಣ್ಣು ಮನೇಲಿಟ್ಟು ಬಂದಿದೀಯೇನೋ," ಎಂದೆ.

"ಬೌ," ಎಂದ ಗುಂಡ.

ಲಾರಿಯೊಂದು ದಾರಿ ಬಿಡಲಿಲ್ಲ. "ರಸ್ತೆ ನಿಮ್ಮಪ್ಪಂದೇನೋ," ಎಂದೆ. ಗುಂಡ ಎದ್ದು ನಿಂತು ಅದನ್ನೇ ತನ್ನ ಭಾಷೆಯಲ್ಲಿ ನಾಲ್ಕು ಸಲ ಹೇಳಿದ.

"ರೀ, ಗಾಡಿ ನಿಲ್ಸಿ," ಎಂದಳು ಹೆಂಡತಿ.

"ಯಾಕೆ, ಅವನಿಗೆ ಅವಸರವಾ?"

"ಅವನು ಸರಿಯಾಗೇ ಇದಾನೆ. ನೀವು ಬೈದಾಗ ಮಾತ್ರ ಬೈತಾನೆ. ನಿಮ್ಮ ಪರ ಮಾತಾಡೋದು ಈ ಮನೇಲಿ ಅವನೊಬ್ನೇ ಅಲ್ವಾ, ಪಾಪ."

"ನಾನೆಲ್ಲಿ ಬೈದೆ? ಗಾಡಿ ಓಡಿಸೋವಾಗ ಒಂದೆರಡು ಮಾತು ಬರುತ್ತೆ."

"ಆ ಮಾತು ಹಿಂದೆ ಕೂತು ಆಡಿ."

ಗಾಡಿ ನಿಲ್ಲಿಸಿ ಸ್ಟೀರಿಂಗ್ ಅವಳಿಗೆ ಬಿಟ್ಟುಕೊಟ್ಟೆ. ಹಿಂದೆ ಹೋಗಿ ಬೆಲ್ಟು ಕಟ್ಟಿಕೊಂಡೆ. ಅವಳು ನುಗ್ಗಿದವರಿಗೆಲ್ಲ "ಹೋಗಲಿ ಬಿಡು" ಎನ್ನುತ್ತ ದಾರಿ ಬಿಟ್ಟಳು. ಗುಂಡ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದ. ಅವನು ಹಾಗೆ ಮಲಗಿದ್ದು ನೋಡಿ ನನಗೆ ನಾಚಿಕೆಯೂ ಆಯಿತು, ಪ್ರೀತಿಯೂ ಉಕ್ಕಿತು. ಬಸ್ಸೊಂದು ಉಜ್ಜಿಕೊಂಡಂತೆಯೇ ಹೋದಾಗ ಬಾಯಿ ತೆರೆದೆ. ಕನ್ನಡಿಯಲ್ಲಿ ಅವಳ ಕಣ್ಣು ಕಂಡು ಮುಚ್ಚಿದೆ.

ಎರಡು ಗಂಟೆ ಕಳೆದ ಮೇಲೆ ಕಾರು ನಿಲ್ಲಿಸಿ ಗುಂಡನಿಗೆ ನೀರು ಕುಡಿಸಿ ಒಂದು ಬಿಸ್ಕತ್ತು ಕೊಟ್ಟಳು. ಇನ್ನೊಂದು ನನ್ನ ಕೈಗಿಟ್ಟಳು.

"ಅವನಿಗೆ ಆಯ್ತಲ್ಲ?"

"ಇದು ನಿಮಗೆ. ನೀವೂ ಸುಮ್ನಿದ್ರಲ್ಲ."

ತಿಂದೆ. ಉಪ್ಪು ಸ್ವಲ್ಪ ಕಡಿಮೆಯೆನಿಸಿತು.

ಬಾಗಿಲಲ್ಲೇ ಕಾದಿದ್ದ ಅಕ್ಕ, "ಗಲಾಟೆ ಮಾಡಿದ್ನೇನೇ?" ಎಂದು ಕೇಳಿದರು.

"ಇಲ್ಲಕ್ಕಾ, ಇಬ್ರೂ ಚೆನ್ನಾಗಿ ಬಂದ್ರು," ಎಂದಳು ಇವಳು.

ಸಾಮಾನು ಇಳಿಸುವಾಗ ಬಿಸ್ಕತ್ತಿನ ಪೊಟ್ಟಣ ಕೈಗೆ ಸಿಕ್ಕಿತು. ಅದರ ಮೇಲೆ ನಾಲಿಗೆ ಚಾಚಿದ ನಾಯಿಯ ಚಿತ್ರವಿತ್ತು. ಕೂಗಲೆಂದು ಬಾಯಿ ತೆರೆದೆ. ಹೆಂಡತಿ ತಿರುಗಿ ನೋಡಿದಳು. ಸುಮ್ಮನಾದೆ.

ಇನ್ನೊಂದು ಬಿಸ್ಕತ್ತು ಸಿಕ್ಕಿತು.