ಗ್ರೂಪು ಬಿಟ್ಟ ಮಹಾಪುರುಷ

"ಕಲಿಯೋನಿಗೆ ಗುರು ಸಾಕು, ಗುಂಪು ಬೇಡ!" ಎಂದು ಘೋಷಿಸಿಯೇ ಹನುಮಂತರಾಜು ಎಂಬ ನಾನು ಆನ್‌ಲೈನ್ ಅಕೌಂಟ್ಸ್ ಕೋರ್ಸಿಗೆ ಸೇರಿದ್ದು. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೂಟೆ ತೂಗಿಸುವ ನನಗೆ, ಪರೀಕ್ಷೆ ಪಾಸಾದರೆ ಆಫೀಸಿನ ಕುರ್ಚಿ! ಇಲ್ಲದಿದ್ದರೆ ಅದರಲ್ಲಿ ನನ್ನ ಜೊತೆ ಮೂಟೆ ತೂಗಿಸುವ ವೀರೇಶ ಕೂರುತ್ತಿದ್ದ. ಅವನೋ, ಒಮ್ಮೆ ಕೂತರೆ ಏಳುವ ಆಸಾಮಿಯಲ್ಲ.

ಕ್ಯಾಮೆರಾ ಬಂದ್, ಮೈಕ್ ಬಂದ್, ಕೋಣೆಗೆ ಚಿಲಕ. ತಪಸ್ಸೇ ತಪಸ್ಸು! ಅದನ್ನು ಕೆಡಿಸಿದ್ದು ಕ್ಲಾಸಿನ ವಾಟ್ಸಾಪ್ ಗ್ರೂಪು. ಜಿಎಸ್‌ಟಿ ಬಗ್ಗೆ ಒಂದು ಮಾತಿದ್ದರೆ, "ಉಂಡ್ರಾ?" "ಏನ್ ಸಾರು?" "ನಿಮ್ ಕಡೆ ಮಳೆ ಬಂತಾ?" ಎಂದು ಹತ್ತು ಮಾತು. ಮೊಳಕಾಲ್ಮೂರಿನ ಮಗ್ಗದ ಮನೆಯಿಂದ ಕ್ಲಾಸು ಕೇಳುವ ಯರ್ರಮ್ಮನಂತೂ ಎಲ್ಲರ ಮನೆ ಎಮ್ಮೆಯ ಆರೋಗ್ಯವನ್ನೂ ವಿಚಾರಿಸುತ್ತಿದ್ದಳು. ನನ್ನ ಪಿತ್ತ ನೆತ್ತಿಗೇರಿತು. "ಇದು ಕ್ಲಾಸೋ, ಸಂತೆಯೋ?" ಎಂದು ಬರೆದು ಗ್ರೂಪಿನಿಂದ ಹೊರಬಿದ್ದೆ.

"ಉಂಡ್ರಾ ಅಂದ್ರೆ ನಿಮ್ ಗಂಟೇನ್ ಹೋತು?" ಎಂದಳು ಹೆಂಡತಿ ಸೌಂದರ್ಯ.

"ಗುರುತು ಪರಿಚಯ ಇಲ್ದೋರಿಗೆ ನಾನ್ಯಾಕೆ ವರದಿ ಒಪ್ಪಿಸ್ಲಿ?"

"ಕಷ್ಟಕ್ಕೆ ನಾಕ್ ಜನ ಬೇಕಾಗ್ತಾರೆ ಕಣ್ರಿ."

"ನಂಗ್ಯಾರೂ ಬೇಕಿಲ್ಲ!"

ಪರೀಕ್ಷೆಯ ಮಧ್ಯಾಹ್ನ ಇಸ್ತ್ರಿ ಅಂಗಿ ತೊಟ್ಟು ಲಿಂಕ್ ಒತ್ತಿದೆ. ಪರದೆಯಲ್ಲಿ ನಾನೊಬ್ಬನೇ. "ಶಿಸ್ತಿಲ್ಲದ ಮುಂಡೇವು!" ಎಂದು ಹಲ್ಲು ಕಡಿದೆ. ಕಾದೂ ಕಾದೂ ಸಾಕಾಗಿ ಮೇಷ್ಟ್ರಿಗೆ ಫೋನು ಹಚ್ಚಿ ಗುಡುಗಿದೆ.

"ಮಧ್ಯಾಹ್ನ ಕರೆಂಟ್ ತೆಗೀತಾರೆ ಅಂತ ಬೆಳಿಗ್ಗೇನೇ ಮುಗಿಸಿದ್ವಲ್ರೀ! ಗ್ರೂಪಲ್ಲಿ ಐತೆ ನೋಡ್ರಿ," ಎಂದರು. "ಕ್ಲಾಸಿಗೆ ಬರ್ತಿದ್ರಿ ಅಂತ ಜೊತೆಯವರು ಯಾರಾದ್ರೂ ಹೇಳ್ಲಿ, ಮತ್ತೆ ಪರೀಕ್ಷೆ ಕೊಡ್ತೀನಿ."

ಅವರೇ ನನ್ನನ್ನು ಗ್ರೂಪಿಗೆ ಮತ್ತೆ ಸೇರಿಸಿದರು. ಮಾನ ಮರ್ಯಾದೆ ಬಿಟ್ಟು ಬೇಡಿಕೊಂಡೆ. ಯರ್ರಮ್ಮನ ದನಿ ಬಂತು: "ಸಂತೆ ಅಂತ ಬೈದೋನಲ್ವಾ? ನಿನ್ ಮಕ ಕಂಡಿಲ್ಲ, ಮಾತ್ ಕೇಳಿಲ್ಲ. ಏನಂತ ಸಾಕ್ಷಿ ಹೇಳ್ಲಪ್ಪಾ?" ಉಳಿದವರೆಲ್ಲ ಅದಕ್ಕೆ ಹೆಬ್ಬೆರಳು ಎತ್ತಿದರು! ಸಿಟ್ಟಿಗೆ ಫೋನನ್ನು ಗೋಡೆಗೆ ಬಡಿಯಲು ಹೊರಟೆ. ಆ ದನಿಯ ಗುರುತು ಹಿಡಿದ ಸೌಂದರ್ಯ ಅದನ್ನು ಕಿತ್ತುಕೊಂಡು ತಾನೇ ಮಾತಾಡಿದಳು.

"ಯರ್ರಮ್ಮತ್ತೆ, ನಾನು ನಿಮ್ಮೂರ ಬೊಮ್ಮಲಿಂಗಪ್ಪನ ಮಗಳು. ಇವ್ರು ನಮ್ಮನೆಯವ್ರು."

"ಅಯ್ಯಯ್ಯೋ, ನಮ್ಮೂರ ಅಳಿಯಾನಾ! ಮೊದ್ಲೇ ಹೇಳೋಕೇನ್ ಧಾಡಿ? ಮೇಷ್ಟ್ರೇ, ನಮ್ ಅಳಿಯಂದ್ರಿಗೆ, ಅಲ್ಲುಡುಗಾರಿಗೆ, ಪರೀಕ್ಷೆ ಕೊಡ್ರಿ!"

ಗ್ರೂಪಿಗೆ ಗ್ರೂಪೇ ಸಾಕ್ಷಿ ನುಡಿಯಿತು. ಮೇಷ್ಟ್ರು ಒಪ್ಪಿ ಹೊಸ ಹಾಲ್ ಟಿಕೆಟ್ ಕಳಿಸಿದರು. ಯಾರೂ ಬೇಡವೆಂದು ಬಾಗಿಲು ಹಾಕಿ ಓದಿದ ಈ ಹನುಮಂತರಾಜು ಮೀಸೆ ತಿರುವುತ್ತ ಆ ಟಿಕೆಟ್ ತೆರೆದ. ಅಭ್ಯರ್ಥಿಯ ಹೆಸರಿನ ಮುಂದೆ ಅಚ್ಚಾಗಿತ್ತು: "ಬೊಮ್ಮಲಿಂಗಪ್ಪನವರ ಅಳಿಯ."