ಮೌಶಿಯ ಆಯಾ ಕ್ಲಾಸು

ನಮ್ಮ ಮೌಶಿ ಯಾವ ಕೂಸನ್ನೂ ಐದು ನಿಮಿಷಕ್ಕಿಂತ ಹೆಚ್ಚು ಎತ್ತಿಕೊಂಡವಳಲ್ಲ. ಸೀರೆ ಮುದುಡುತ್ತದಂತೆ! ಅಂಥವಳು ಪುಣೆಯಲ್ಲಿ ಕೂಸು ನೋಡಿಕೊಳ್ಳುವ ಹೆಂಗಸರಿಗೆ ತರಬೇತಿ ಕೊಡುತ್ತಿದ್ದಳೆಂದರೆ ನೀವು ನಂಬಲಿಕ್ಕಿಲ್ಲ. ನಾವೂ ನಂಬಿರಲಿಲ್ಲ.

ಮೌಶಿ ಅಂದರೆ ನನ್ನ ಅವ್ವನ ತಂಗಿ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ರಿಟೈರ್ ಆದ ಮೇಲೆ, ತೊಂಬತ್ತರ ದಶಕದ ನಡುವಿಗೆ, ಗಂಡನಾದ ಕಾಕಾನನ್ನೂ ತನ್ನ ಸೀಟಿಯನ್ನೂ ಕರೆದುಕೊಂಡು ಪುಣೆಯ ಕೋಥ್ರೂಡಿನಲ್ಲಿ ನಮ್ಮ ಮಗ್ಗುಲ ಕಟ್ಟಡಕ್ಕೆ ಬಂದಳು. ಸುತ್ತಲಿನ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು. ಕೂಸುಗಳೆಲ್ಲ ಆಯಾಗಳ ಕೈಯಲ್ಲಿ. ಒಂದು ಮುಂಜಾನೆ ಯಾವಳೋ ಒಬ್ಬಳು ಎಳೆಗೂಸಿನ ಕುತ್ತಿಗೆಗೆ ಆಸರೆ ಕೊಡದೆ ಎತ್ತಿಕೊಂಡದ್ದನ್ನು ಮೌಶಿ ಬಾಲ್ಕನಿಯಿಂದ ನೋಡಿದಳು. ಸೀಟಿ ಊದಿದಳು. ಓಣಿ ಇಡೀ ನಿಂತಿತು, ಒಂದು ರಿಕ್ಷಾ ಸಹಿತ. ಮರುವಾರವೇ ಅವಳ ಹಾಲ್‌ನಲ್ಲಿ ಕ್ಲಾಸು ಶುರು.

ಕಲಿಯಲು ಐದು ಹೆಂಗಸರೇನೋ ಬಂದರು. ಕಲಿಸಲು ಕೂಸು ಬೇಕಲ್ಲ? ಯಾರು ಕೊಟ್ಟಾರು? ಕಾಕಾನನ್ನೇ ಚಾಪೆಯ ಮೇಲೆ ಕೂರಿಸಿದಳು. ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ಆರಡಿ ಮನುಷ್ಯ, ಕೊರಳಿಗೆ ಟವೆಲ್ ಕಟ್ಟಿಸಿಕೊಂಡು ಬಾಯಿ ತೆರೆದ. ಮೆತ್ತಗೆ ಬೇಯಿಸಿದ ಖಿಚಡಿ, ಸಣ್ಣ ಚಮಚ, ಉಂಡ ಮೇಲೆ ತೇಗು ಬರುವ ತನಕ ಬೆನ್ನು ತಟ್ಟುವುದು, ಎಲ್ಲವನ್ನೂ ಮೌಶಿ ಅವನ ಮೇಲೆ ಮಾಡಿ ತೋರಿಸುವಳು, ಹೆಂಗಸರು ಬಾಯಿಗೆ ಸೆರಗು ಹಿಡಿದು ನೋಡುವರು. ಮೂರು ತಿಂಗಳಲ್ಲಿ ಐವರೂ ತಯಾರಾದರು. ಕಾಕಾನ ಇಪ್ಪತ್ತು ವರ್ಷದ ಅಜೀರ್ಣವೂ ಹೋಯಿತು.

ಇನ್ನು ಭಾಷೆ. ಮೌಶಿಯ ಮರಾಠಿ ಕಾಯಿಪಲ್ಯೆ ಕೊಳ್ಳುವಷ್ಟೇ. ಹಾಗಾಗಿ ಪಾಠವೆಲ್ಲ ಕನ್ನಡದಲ್ಲಿ, ಅರ್ಥವಾಗದ ಕಡೆ ಸೀಟಿಯಲ್ಲಿ. ಪರಿಣಾಮ ಏನಾಯಿತು ಗೊತ್ತೇ? ಮರಾಠಿ ದಂಪತಿಯೊಬ್ಬರ ಮಗ ಮೊಟ್ಟಮೊದಲು ಆಡಿದ ಮಾತು, 'ಬ್ಯಾಡ.' ಹಾಲು ಕೊಟ್ಟರೆ ಬ್ಯಾಡ, ಅಪ್ಪ ಮುತ್ತು ಕೊಡಲು ಬಂದರೆ ಬ್ಯಾಡ. ವರ್ಷ ತುಂಬುವ ಮೊದಲೇ ಮಗ ಇಂಗ್ಲಿಷ್ ಮಾತಾಡಿದನೆಂದು ಅವರು ಕಟ್ಟಡಕ್ಕೆಲ್ಲ ಪೇಢೆ ಹಂಚಿದರು. ಮೌಶಿ ಎರಡು ಪೇಢೆ ತಿಂದಳು.

ಆಯಾಗಳಿಗೆ ಅವಳು ಕೊಡುವ ಬಡ್ತಿಯ ಲೆಕ್ಕವೂ ವಿಚಿತ್ರ. ಮೊದಲು ತೊಟ್ಟಿಲು ವಿಭಾಗ, ಆಮೇಲೆ ಅಂಬೆಗಾಲು ವಿಭಾಗ, ಅದರ ಮೇಲೆ ಓಡಾಟ ವಿಭಾಗ. ಕೂಸು ಬೆಳೆದಂತೆ ಹುದ್ದೆಯೂ ಬೆಳೆಯುತ್ತದೆ ಎಂದಳು. ಆಗ ಸಾಸವಡದಿಂದ ಬಂದಿದ್ದ ಮಂದಾ ಎಂಬಾಕೆ, ಕೂಸು ಶಾಲೆಗೆ ಹೋದ ಮೇಲೆ ನಾನು ಎಲ್ಲಿಗೆ ಹೋಗಲಿ ಎಂದು ಮೆಲ್ಲಗೆ ಕೇಳಿದಳು. ಮೌಶಿ ಮರುದಿನದಿಂದ ಅರ್ಧ ಪಾಠವನ್ನು ಮಂದಾಳ ಕೈಯಲ್ಲೇ ಹೇಳಿಸತೊಡಗಿದಳು.

ನನಗೆ ಮಗಳು ಹುಟ್ಟಿದಾಗ ನೋಡಿಕೊಳ್ಳಲು ಬಂದವಳು ಈ ಮಂದಾಳೇ. ಮೂರು ತಿಂಗಳ ಕೂಸನ್ನು ಬಿಟ್ಟು ನಾನು ಆಫೀಸಿಗೆ ಹೋಗಬೇಕು. ಮಗಳು ಮಂದಾಳನ್ನೇ ತಾಯಿ ಎಂದುಕೊಂಡರೆ? ಬಸ್ಸಿನಲ್ಲಿ ದಿನಾ ಇದೇ ಯೋಚನೆ. ಹತ್ತು ತಿಂಗಳು ಕಳೆದವು. ಒಂದು ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ ಮಂದಾ ಮೌಶಿಯಿಂದ ಕಲಿತ ಕನ್ನಡದಲ್ಲಿ, "ವಹಿನಿ, ಇವತ್ತೋ ನಾಳೆಯೋ ನಡೀತಾಳ ಅನ್ನಿಸ್ತದ. ಕೆಳಗ ಕೂಡ್ರಿ," ಎಂದಳು. ಕೂತೆ. ಮಗಳು ಗೋಡೆ ಬಿಟ್ಟು, ತೂರಾಡಿ, ನಾಲ್ಕು ಹೆಜ್ಜೆ ಇಟ್ಟು ನನ್ನ ಮಡಿಲಿಗೆ ಬಿದ್ದಳು. ನಾನು ಅತ್ತುಬಿಟ್ಟೆ. ಮೌಶಿ ಓಡಿಬಂದು, ಎಡಗಾಲು ಮೊದಲಿಟ್ಟಳೋ ಬಲಗಾಲೋ ಎಂದು ವಿಚಾರಿಸಿ ಹೋದಳು.

ಏಳೆಂಟು ವರ್ಷದ ಮೇಲೆ ತಳೇಗಾಂವದ ಕಾರ್ಖಾನೆ ಕಾಲನಿಯೊಂದರಲ್ಲಿ ಮಂದಾ ತನ್ನದೇ ತರಬೇತಿ ಕ್ಲಾಸು ತೆರೆದಳು. ಮೌಶಿ ಮುಖ್ಯ ಅತಿಥಿ, ನಾನು ಅವಳ ಚೀಲ ಹಿಡಿದುಕೊಂಡು ಹೋದವಳು. ಮಂದಾ ತನ್ನ ಹೆಂಗಸರಿಗೆ ಮರಾಠಿಯಲ್ಲಿ ಒಂದು ಪ್ರಶ್ನೆ ಹಾಕಿದಳು. ತಾಯಿ ಆಫೀಸಿನಲ್ಲಿದ್ದಾಗ ಕೂಸು ಮೊದಲ ಸಲ ನಡೆಯಿತು. ಸಂಜೆ ಅವಳು ಬಂದಾಗ ಏನು ಹೇಳುತ್ತೀರಿ? ಒಬ್ಬಳು ಎದ್ದು, ಕೂಡಲೇ ಖುಷಿ ಸುದ್ದಿ ಹೇಳುತ್ತೇನೆ ಎಂದಳು. ಹೇಳಬಾರದು ಎಂದಳು ಮಂದಾ. ಇವತ್ತೋ ನಾಳೆಯೋ ನಡೀತದ ಅಂತ ಅನ್ನಬೇಕು, ಕೆಳಗೆ ಕೂರಿಸಬೇಕು. ನಮ್ಮ ಟೀಚರ್ ಕಲಿಸಿದ್ದು ಇದು, ಎಂದು ಮೌಶಿಯ ಕಡೆ ಕೈ ತೋರಿಸಿದಳು.

ಮೌಶಿ ನನ್ನ ಮುಖ ನೋಡಲಿಲ್ಲ.

ವಾಪಸ್ ಬರುವಾಗ ಲೋಕಲ್ ರೈಲು ದೇಹೂ ರೋಡ್ ದಾಟಿತು. ಆಮೇಲೆ, ನನ್ನ ಮಗಳು ಎಷ್ಟು ದಿನ ಮೊದಲೇ ನಡೆದಿದ್ದಳು ಎಂದು ಕೇಳಿದೆ.

"ಮೂರು ದಿವಸ," ಎಂದಳು ಮೌಶಿ. ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಆದ್ರ ನಿನ್ನ ಕಡೆ ನಡದು ಬಂದದ್ದು ಅವತ್ತೇ ಮೊದಲ," ಎಂದಳು.