ನುಡಿನಮನಕ್ಕೆ ಮೊದಲೇ ಕೈಕೊಟ್ಟ ಲ್ಯಾಪ್‌ಟಾಪ್

ಮನುಷ್ಯ ಹೋಗುವ ಮೊದಲು ಸಾಮಾನ್ಯವಾಗಿ ಒಂದಿಷ್ಟು ಸೂಚನೆ ಕೊಡುತ್ತಾನೆ. ಕೆಮ್ಮುತ್ತಾನೆ, ಊಟ ಬಿಡುತ್ತಾನೆ, ಮಕ್ಕಳನ್ನು ಕರೆಸಿಕೊಳ್ಳುತ್ತಾನೆ. ಲ್ಯಾಪ್‌ಟಾಪಿಗೆ ಅಷ್ಟು ಸೌಜನ್ಯವೂ ಇಲ್ಲ. ನಾನು ಸುಳ್ಯದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವನು. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರಶ್ನೆಪತ್ರಿಕೆ, ಇಂಟರ್ನಲ್ ಅಂಕಗಳ ಜೊತೆಗೆ ಒಂದು ನುಡಿನಮನವೂ ಇತ್ತು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ, ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಮೊದಲು ಒಬ್ಬರು ಎದ್ದು ನಿಂತು ಹೋದವರ ಗುಣಗಾನ ಮಾಡಬೇಕು. ಕನ್ನಡ ಮಾಸ್ಟ್ರು ಎಂಬ ಒಂದೇ ತಪ್ಪಿಗೆ ಈ ಕೆಲಸ ಪಂಜದಿಂದ ಸಂಪಾಜೆಯವರೆಗೂ ನನ್ನ ಪಾಲಿಗೇ ಬರುತ್ತದೆ. ಹಾಗಾಗಿ ಒಂದನ್ನು ಚೆನ್ನಾಗಿ ಬರೆದಿಟ್ಟುಕೊಂಡು, ಹೆಸರು ಮತ್ತು ಊರು ಬದಲಿಸಿ ಓದುತ್ತಿದ್ದೆ: ಸರಳ ಸಜ್ಜನ, ಕೊಡುಗೈ ದಾನಿ, ಅಜಾತಶತ್ರು. ಹೋದವರು ಯಾರೂ ಇದುವರೆಗೆ ಆಕ್ಷೇಪಿಸಿಲ್ಲ.

ದಾಮೋದರಣ್ಣ ಹೋದದ್ದು ಮಾತ್ರ ಬೇರೆ ಸಂಗತಿ. ಅವರು ನಮ್ಮ ಕಾಲೇಜಿನಲ್ಲೇ ಆಟ ಕಲಿಸುತ್ತಿದ್ದವರು, ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯವರು. ಅವರ ಹೆಂಡತಿ ಕಮಲಕ್ಕ ಫೋನು ಮಾಡಿ, "ಮಾಸ್ಟ್ರೇ, ಇವರ ಬಗ್ಗೆ ನೀವೇ ಮಾತಾಡ್ಬೇಕು. ಬೇರೆಯವರು ಎಂತ ಹೇಳಿದ್ರೂ ನಂಗೆ ಕೇಳ್ಲಿಕ್ಕಾಗುದಿಲ್ಲ" ಎಂದರು. ಒಪ್ಪಿಕೊಂಡೆ. ಅವರಿಗೂ ಅದೇ ಹಳೆಯ ನುಡಿನಮನ ಸಾಕೆಂದುಕೊಂಡದ್ದು ಸೋಮಾರಿತನದಿಂದಲ್ಲ. ಅವರನ್ನು ನೆನೆದು ಹೊಸದಾಗಿ ಬರೆಯಲು ಕೂತರೆ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಸಜ್ಜನ, ದಾನಿ ಎಂದು ಓದಿ ಮುಗಿಸುವುದಕ್ಕೆ ಧೈರ್ಯವೇನೂ ಬೇಕಾಗಿಲ್ಲ.

ಸಮಾರಾಧನೆಯ ದಿನ ಬೆಳಿಗ್ಗೆ ಹಳೆಯ ಹೆಸರು ಅಳಿಸಿ 'ದಾಮೋ' ಎಂದು ಟೈಪು ಮಾಡುವಷ್ಟರಲ್ಲಿ ಪರದೆ ಕಪ್ಪಾಯಿತು. ಒತ್ತಿದೆ, ತಟ್ಟಿದೆ, ಕೊನೆಗೆ ಬೈದೆ. ದಾಮೋದರಣ್ಣನ ಮನೆಯಿರುವ ಪಂಜಕ್ಕೆ ಹೋಗುವ ದಾರಿಯಲ್ಲಿ ಬೆಳ್ಳಾರೆಯ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಬಿಚ್ಚಿ ನೋಡಿ, "ಬೋರ್ಡೇ ಹೋಗಿದೆ ಸರ್. ಪುತ್ತೂರಿಗೆ ಕಳಿಸ್ಬೇಕು. ಒಳಗಿದ್ದದ್ದು ಸಿಗ್ತದಾ ಅಂತ ಈಗ ಹೇಳ್ಲಿಕ್ಕಾಗುದಿಲ್ಲ" ಎಂದ.

"ಒಂದೇ ಪುಟ ಮಾರಾಯ, ಒಬ್ಬರ ನುಡಿನಮನ ಉಂಟು ಅದರಲ್ಲಿ" ಎಂದೆ.

ಅವನು ಒಮ್ಮೆ ಲ್ಯಾಪ್‌ಟಾಪನ್ನೂ ಒಮ್ಮೆ ನನ್ನನ್ನೂ ನೋಡಿದ. "ಬಾಯಲ್ಲೇ ಹೇಳಿ ಸರ್."

ಇಪ್ಪತ್ತು ವರ್ಷ ಮಾತಾಡಿಯೇ ಸಂಬಳ ತೆಗೆದುಕೊಂಡ ನನಗೆ ಬಾಯಲ್ಲಿ ಹೇಳುವುದೆಂದರೆ ಹೆದರಿಕೆಯಾಯಿತು.

ಪಂಜದ ಅವರ ಮನೆಯಂಗಳದ ಚಪ್ಪರದಲ್ಲಿ ಜನ ತುಂಬಿದ್ದರು. ಪಾಯಸ ಆರುತ್ತದೆಂದು ಅಡುಗೆಯವರು ಪದೇ ಪದೇ ಇಣುಕುತ್ತಿದ್ದರು. ಮೈಕು ಕೈಗೆ ಬಂದಾಗ ಅಜಾತಶತ್ರು ಎನ್ನಲು ಬಾಯಿ ತೆರೆದೆ. ಎದುರಿಗಿದ್ದವರಲ್ಲಿ ಅರ್ಧ ಜನ ಅವರ ಹತ್ತಿರ ಜಗಳ ಮಾಡಿದವರೇ. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿದೆ. ದಾಮೋದರಣ್ಣ ಸರಳರಲ್ಲ, ಮಹಾ ಹಟಮಾರಿ. ವಾಲಿಬಾಲ್ ಫೈನಲಿನಲ್ಲಿ ರೆಫರಿಯಾಗಿ ಸ್ವಂತ ಅಳಿಯನನ್ನೇ ಹೊರಗೆ ಕಳಿಸಿ, ಆಮೇಲೆ ಅವನ ಮನೆಯಲ್ಲೇ ಕೂತು ಊಟ ಮಾಡಿದವರು. ವಿಸಿಲನ್ನು ಕುತ್ತಿಗೆಯಿಂದ ತೆಗೆದದ್ದನ್ನು ನಾನು ಕಂಡಿಲ್ಲ. ಒಮ್ಮೆ ಕಾಲೇಜು ವಾರ್ಷಿಕೋತ್ಸವದಲ್ಲಿ ನನ್ನ ಧನ್ಯವಾದ ಸಮರ್ಪಣೆ ಉದ್ದವಾದಾಗ, ಅತಿಥಿಗಳ ಎದುರೇ ವಿಸಿಲು ಊದಿ, "ಟೈಮ್ ಆಯ್ತು ಮಾಸ್ಟ್ರೇ, ಕೂತ್ಕೊಳ್ಳಿ" ಎಂದಿದ್ದರು. ಚಪ್ಪರದಲ್ಲಿ ನಗೆ ಎದ್ದಿತು. ಅಳಿಯನೂ ನಕ್ಕ.

"ಇವತ್ತು ನಾನು ಎಷ್ಟು ಹೊತ್ತು ಮಾತಾಡಿದರೂ..." ಎಂದೆ. ಮುಂದಿನದು ಬರಲಿಲ್ಲ. ಅಲ್ಲೇ ನಿಂತೆ. ಯಾರೂ ವಿಸಿಲು ಊದಲಿಲ್ಲ. ಮೈಕು ಕೊಟ್ಟು ಕೂತುಕೊಂಡೆ.

ಕೈ ತೊಳೆಯುವಲ್ಲಿ ಕಮಲಕ್ಕ ಸಿಕ್ಕಿದರು. ಕಣ್ಣು ಕೆಂಪಾಗಿತ್ತು, ಬಾಯಿ ನಗುತ್ತಿತ್ತು. "ಇವರನ್ನೇ ಕಂಡ ಹಾಗಾಯ್ತು ಮಾಸ್ಟ್ರೇ" ಎಂದರು.

ಆದರೆ ಊರಿನವರ ಅಭಿಪ್ರಾಯ ಬೇರೆ. ರಿಪೇರಿ ಅಂಗಡಿಯ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ಮೊನ್ನೆ ಬೆಳ್ಳಾರೆಯಿಂದ ಒಬ್ಬರು ತಂದೆಯ ನುಡಿನಮನಕ್ಕೆ ಕರೆಯಲು ಬಂದವರು, ಕಾಫಿ ಕುಡಿದು, ಎದ್ದು, ಬಾಗಿಲ ಹತ್ತಿರ ನಿಂತು ಕೇಳಿದರು: "ಸರ್, ನಿಮ್ಮ ಲ್ಯಾಪ್‌ಟಾಪ್ ರಿಪೇರಿ ಆಗಿದೆಯಲ್ಲ?"

ಆಗಿದೆ, ಒಳಗಿದ್ದದ್ದೂ ಸಿಕ್ಕಿದೆ ಎಂದೆ. ಅವರು ನೆಮ್ಮದಿಯಿಂದ ಹೋದರು. ಇದನ್ನು ಹೆಂಡತಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ.

"ಆ ನುಡಿನಮನವನ್ನು ಜಾಗ್ರತೆಯಿಂದ ಇಟ್ಕೊಳ್ಳಿ. ನಾಳೆ ನಿಮ್ಮ ಬಗ್ಗೆ ಯಾರಾದ್ರೂ ಬಾಯಿಗೆ ಬಂದದ್ದು ಹೇಳಿದ್ರೆ ಎಂತ ಮಾಡುದು?" ಎಂದಳು.